ನಿಷೇಧವಾದ ಕಳೆ ಔಷಧಿ ನಿಮ್ಮ ಬಾವಿ ನೀರಿನಲ್ಲಿ ಇನ್ನೂ ಇದೆಯಾ? ಪರೀಕ್ಷೆ ಮಾಡಿಸೋದು ಹೀಗೆ

ನಮ್ಮ ಹೊಲದ ಬಾವಿಯ ಪಕ್ಕ ಒಂದು ಕಲ್ಲು ಚಪ್ಪಡಿ ಇತ್ತು. ಹಾವೇರಿ ಜಿಲ್ಲೆಯ ಎರೆ ಹೊಲ, ಗೋವಿನಜೋಳ, ಹತ್ತಿ, ಶೇಂಗಾ ಬೆಳೆದ ನೆಲ. ಆ ಚಪ್ಪಡಿಯ ಮೇಲೆ ಕೂತು ಅಪ್ಪ ಹದಿನೈದು ವರ್ಷಕ್ಕೂ ಜಾಸ್ತಿ ಕಳೆ ಎಣ್ಣೆ ಕಲಸಿದ್ದಾರೆ, ಬೆನ್ನಿನ ಪಂಪು ತೊಳೆದಿದ್ದಾರೆ, ತೊಳೆದ ನೀರೆಲ್ಲ ಇಳಿಜಾರು ಹಿಡಿದು ಬಾವಿ ಕಟ್ಟೆಯ ಬುಡದಲ್ಲೇ ಇಂಗಿದೆ. ನೀರು ಸಿಗುವ ಜಾಗದಲ್ಲೇ ಕಲಸೋದು ಸಹಜ ಅಲ್ವಾ? ಅದು ತಪ್ಪು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಚಪ್ಪಡಿಯ ಕೆಳಗಡೆ ಒಂದು ಮಾರು ಜಾಗದಲ್ಲಿ ಎಷ್ಟೋ ವರ್ಷ ಗರಿಕೆ ಕೂಡ ಹಬ್ಬಿರಲಿಲ್ಲ. ನಾವೆಲ್ಲ ಅದನ್ನು ನೋಡಿಯೂ ಸುಮ್ನೆ ಇದ್ದೆವು.

ನೀರು ಪರೀಕ್ಷೆ ಮಾಡಿಸೋಣ ಅಂತ ನಾನು ಹೊರಟಾಗ ಕಾಕಾ ಕೇಳಿದರು. "ಆ ಎಣ್ಣಿ ಅಂಗಡ್ಯಾಗ ಬಂದಾಗಿ ವರ್ಷಗಟ್ಲೆ ಆತು. ಇನ್ನ ಬಾವ್ಯಾಗ ಎಲ್ಲಿರ್ತೈತೋ ತಮ್ಮಾ?"

ಒಳ್ಳೆಯ ಪ್ರಶ್ನೆ. ಇರುತ್ತದೆ, ಬಹಳ ಕಾಲ ಇರುತ್ತದೆ. ಆದರೆ ಅದನ್ನು ಹುಡುಕೋದಕ್ಕೆ ಒಂದು ಕ್ರಮ ಇದೆ. ಆ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಕೈಗೆ ಸುಳ್ಳು ಧೈರ್ಯ ಕೊಡುವ ಒಂದು ಕಾಗದವೂ ಬರುತ್ತದೆ. ನನಗೆ ಮೊದಲ ಸಲ ಆದದ್ದು ಅದೇ. ಅದನ್ನು ಮುಂದೆ ಹೇಳುತ್ತೇನೆ.

ಯಾವುದು ಬಂದ್ ಆಗಿದೆ, ಯಾವುದು ಆಗಿಲ್ಲ

ಮೊದಲು ಇದು ಸ್ಪಷ್ಟವಾಗಲಿ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 18 ಕೃಷಿ ವಿಷಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. ಅದರಲ್ಲಿ ಕಳೆನಾಶಕ ಲಿನ್ಯುರಾನ್ ಆಗಲೇ ನಿಂತಿತು. ಅಲಾಕ್ಲೋರ್‌ಗೆ 2020ರ ಡಿಸೆಂಬರ್ 31ರವರೆಗೆ ಸಮಯ ಕೊಟ್ಟರು. ನಮ್ಮ ಕಡೆ ಹತ್ತಿ, ಶೇಂಗಾ, ಸೋಯಾ, ಗೋವಿನಜೋಳಕ್ಕೆ ಹೊಡೆಯುತ್ತಿದ್ದದ್ದು ಇದೇ ಅಲಾಕ್ಲೋರ್.

ಗೋವಿನಜೋಳ, ಕಬ್ಬಿಗೆ ಹೊಡೆಯುವ ಕಳೆನಾಶಕ ಅಟ್ರಜಿನ್ ಕಥೆ ಬೇರೆ. 2020ರಲ್ಲಿ 27 ವಿಷಗಳನ್ನು ನಿಷೇಧಿಸುವ ಕರಡು ಬಂದಾಗ ಅದರಲ್ಲಿ ಅಟ್ರಜಿನ್ ಹೆಸರಿತ್ತು, ಬ್ಯೂಟಾಕ್ಲೋರ್, 2,4-ಡಿ, ಡೈಯುರಾನ್, ಪೆಂಡಿಮೆಥಾಲಿನ್ ಕೂಡ ಇದ್ದವು. 2023ರ ಅಂತಿಮ ಆದೇಶದಲ್ಲಿ ಇವು ಯಾವುವೂ ಇರಲಿಲ್ಲ. ಜರ್ಮನಿ ಅಟ್ರಜಿನ್ ನಿಲ್ಲಿಸಿದ್ದು 1991ರಲ್ಲಿ. ಫ್ರಾನ್ಸ್‌ನಲ್ಲಿ ಬಳಕೆ ನಿಂತದ್ದು 2003ರಲ್ಲಿ. ಮರುವರ್ಷ ಇಡೀ ಯುರೋಪಿಯನ್ ಒಕ್ಕೂಟವೇ ಬಾಗಿಲು ಹಾಕುವ ನಿರ್ಧಾರ ಮಾಡಿತು. ನಾವು ಜೂನ್ ಬಂತೆಂದರೆ ಇನ್ನೂ ಅದನ್ನೇ ಹೊಡೆಯುತ್ತಿದ್ದೇವೆ.

ಹಾಗಂತ ಅಲ್ಲಿನ ನೀರು ಮರುದಿನವೇ ಶುದ್ಧವಾಯಿತಾ? ಇಲ್ಲ. ಜರ್ಮನಿಯ ಅಂತರ್ಜಲದಲ್ಲಿ ನಿಷೇಧವಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ಅತಿ ಹೆಚ್ಚು ಸಲ ಸಿಕ್ಕ ಹೆಸರುಗಳಲ್ಲಿ ಅಟ್ರಜಿನ್ ಮತ್ತು ಅದು ಒಡೆದು ಆಗುವ ಡೀಸ್‌ಈಥೈಲ್ ಅಟ್ರಜಿನ್ ಇದ್ದವು. ಡೆನ್ಮಾರ್ಕ್‌ನದು ಇನ್ನೂ ಕಣ್ಣು ತೆರೆಸುವ ಉದಾಹರಣೆ. ಅಲ್ಲಿ ಕುಡಿಯುವ ನೀರು ಹೆಚ್ಚುಕಮ್ಮಿ ಪೂರ್ತಿ ಅಂತರ್ಜಲವೇ, ಅದಕ್ಕೆ ಅವರು ನೀರನ್ನು ತುಂಬಾ ಜೋಪಾನವಾಗಿ ನೋಡುತ್ತಾರೆ. ಅಂಗಳ, ರಸ್ತೆ ಬದಿಯ ಹುಲ್ಲಿಗೆ ಹಾಕುತ್ತಿದ್ದ ಡೈಕ್ಲೋಬೆನಿಲ್ ಎಂಬ ಔಷಧಿಯನ್ನು 1997ರಲ್ಲೇ ನಿಲ್ಲಿಸಿದರು. ಅದು ಒಡೆದು ಆದ ಬ್ಯಾಮ್ ಎಂಬ ವಸ್ತು ಆಮೇಲೆ ಎಷ್ಟೋ ವರ್ಷ ಅವರ ಬಾವಿಗಳಲ್ಲಿ ಸಿಗುತ್ತಲೇ ಇತ್ತು, ಅದರಿಂದಾಗಿ ಕುಡಿಯುವ ನೀರಿನ ಎಷ್ಟೋ ಬಾವಿಗಳನ್ನು ಮುಚ್ಚಬೇಕಾಯಿತು.

ಕೆಳಗೆ ಹೋದದ್ದು ಯಾಕೆ ಕರಗುವುದಿಲ್ಲ

ಮೇಲಿನ ಒಂದು ಗೇಣು ಮಣ್ಣಿನಲ್ಲಿ ಬಿಸಿಲಿದೆ, ಗಾಳಿಯಿದೆ, ಗೊಬ್ಬರವಿದೆ, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಅಲ್ಲಿ ಅಟ್ರಜಿನ್ ಅರ್ಧಕ್ಕೆ ಇಳಿಯೋಕೆ ಸುಮಾರು ಎರಡು ತಿಂಗಳು ಸಾಕು. ಮಣ್ಣು, ತೇವ, ಬಿಸಿ ನೋಡಿಕೊಂಡು ಇದು ತುಂಬಾ ಹೆಚ್ಚುಕಮ್ಮಿ ಆಗುತ್ತದೆ. ಬೇರು ದಾಟಿ ಕೆಳಗಿಳಿದರೆ ಜೀವಿಗಳು ಕಡಿಮೆ, ಅವುಗಳಿಗೆ ತಿನ್ನೋಕೆ ಕೊಳೆತ ಸೊಪ್ಪುಸದೆ ಇಲ್ಲ, ಬೆಳಕಂತೂ ಇಲ್ಲವೇ ಇಲ್ಲ. ಅಲ್ಲಿ ಒಡೆಯುವ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ.

ಎಲ್ಲ ಔಷಧಿಯೂ ಕೆಳಗಿಳಿಯುವುದಿಲ್ಲ ಅನ್ನೋದೂ ಗೊತ್ತಿರಲಿ. ಪ್ಯಾರಾಕ್ವಾಟ್ ಕೈತಪ್ಪಿ ಬಾಯಿಗೆ ಹೋದರೆ ಜೀವ ಉಳಿಸುವುದೇ ಕಷ್ಟ, ಅಷ್ಟು ಭಯಂಕರ. ಆದರೆ ಅದು ಜೇಡಿಮಣ್ಣಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಅಂದರೆ ಬಾವಿಯವರೆಗೆ ಹೋಗುವುದೇ ಅಪರೂಪ. ಗ್ಲೈಫೋಸೇಟ್ ಕೂಡ ಮಣ್ಣಿಗೆ ಅಂಟುವ ಜಾತಿ. ಅಟ್ರಜಿನ್ ಹಾಗಲ್ಲ. ಮಣ್ಣನ್ನು ಸಡಿಲವಾಗಿ ಹಿಡಿದುಕೊಂಡಿರುತ್ತದೆ, ಲೀಟರ್ ನೀರಿಗೆ ಸುಮಾರು 33 ಮಿಲಿಗ್ರಾಂ ಕರಗುತ್ತದೆ, ಮಳೆ ಬಂದರೆ ಅದರ ಜೊತೆ ಹೊರಟುಬಿಡುತ್ತದೆ. ಬಾವಿಯ ಮಟ್ಟಿಗೆ ಮೊದಲು ಅನುಮಾನ ಪಡಬೇಕಾದದ್ದು ಇಂಥವನ್ನು.

ನಮ್ಮ ನೆಲದ ಗುಣವೂ ಇದಕ್ಕೆ ಸೇರುತ್ತದೆ. ಕರ್ನಾಟಕದ ಬಹುಪಾಲು ಕಡೆ ಕೆಳಗಿರುವುದು ಗಟ್ಟಿ ಬಂಡೆ. ನೀರು ಓಡಾಡುವುದು ಮೊರಂನಲ್ಲಿ, ಬಂಡೆಯ ಬಿರುಕಿನಲ್ಲಿ. ಎರೆ ಹೊಲ ಬೇಸಿಗೆಯಲ್ಲಿ ಬಿರಿದಾಗ ಕೈ ತೂರಿಸಿದರೆ ಮೊಣಕೈವರೆಗೂ ಹೋಗುತ್ತದೆ. ಮೊದಲ ದೊಡ್ಡ ಮಳೆ ಆ ಬಿರುಕಿನಲ್ಲೇ ಕೆಳಗಿಳಿಯುತ್ತದೆ, ಮೇಲಿನ ಜೀವಂತ ಮಣ್ಣಿನಲ್ಲಿ ನಿಂತು ಸೋಸಿಕೊಂಡು ಹೋಗುವ ಪುರುಸೊತ್ತೇ ಅದಕ್ಕಿಲ್ಲ.

ಎಷ್ಟು ಸಣ್ಣ ಪ್ರಮಾಣದ ಮಾತು ಇದು ಅಂತ ಒಂದು ಲೆಕ್ಕ ಹಾಕಿ ನೋಡಿ. ಪ್ರಯೋಗಾಲಯದವರು ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಅಂತ ಬರೆಯುತ್ತಾರೆ, ಪಿಪಿಬಿ ಅಂದರೂ ಅದೇ. ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್ ನೀರಿಗೆ ಒಂದೇ ಒಂದು ಗ್ರಾಂ ಬೆರೆಸಿದರೆ ಅದು ಲೀಟರಿಗೆ 1 ಮೈಕ್ರೋಗ್ರಾಂ. ಗೋವಿನಜೋಳಕ್ಕೆ ಎಕರೆಗೆ ಬೀಳುವ ಅಸಲಿ ಅಟ್ರಜಿನ್ 200ರಿಂದ 400 ಗ್ರಾಂ. 400 ಗ್ರಾಂನಲ್ಲಿ ನೂರಕ್ಕೆ ಒಂದು ಪಾಲು ಕೆಳಗಿಳಿದರೂ 4 ಗ್ರಾಂ ಆಯಿತು. ನಾನೂರು ಟ್ಯಾಂಕರ್ ನೀರಿಗೆ ಅಷ್ಟು ಸಾಕು.

ಮೊದಲ ಕೆಲಸ: ಹೊಲದ ಚರಿತ್ರೆ ಬರೆದುಕೊಳ್ಳಿ

ನೀರು ಹಿಡಿಯುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಹಿರಿಯರ ಜೊತೆ ಒಂದು ಸಂಜೆ ಕೂತುಕೊಳ್ಳಿ. ಯಾವ ವರ್ಷ ಯಾವ ಬೆಳೆ, ಯಾವ ಕಳೆ ಔಷಧಿ, ಎಲ್ಲಿ ಕಲಸಿದ್ದು, ಎಲ್ಲಿ ತೊಳೆದದ್ದು, ಖಾಲಿ ಬಾಟಲಿ ಏನಾಯಿತು. ಹೆಸರು ನೆನಪಿರುವುದಿಲ್ಲ, "ಕೆಂಪು ಮುಚ್ಚಳದ್ದು" ಅನ್ನುತ್ತಾರೆ, ಅದನ್ನೂ ಬರೆದುಕೊಳ್ಳಿ. ಅಟ್ಟದ ಮೇಲೆ, ಪಂಪ್ ಮನೆಯ ಮೂಲೆಯಲ್ಲಿ ಹಳೆಯ ಬಾಟಲಿ ಸಿಕ್ಕರೆ ದೊಡ್ಡ ಅಕ್ಷರದ ಹೆಸರು ಬಿಟ್ಟು ಅದರ ಕೆಳಗೆ ಸಣ್ಣದಾಗಿ ಬರೆದಿರುವ ಹೆಸರು ನೋಡಿ. ಅಲಾಕ್ಲೋರ್ 50 ಇಸಿ, ಅಟ್ರಜಿನ್ 50 ಡಬ್ಲ್ಯೂಪಿ ಅಂತ ಇರುವುದು ಅಲ್ಲೇ.

ಏನೂ ಸಿಗದಿದ್ದರೆ ಬೆಳೆಯ ಮೇಲೆ ಊಹೆ ಮಾಡಬಹುದು. ಗೋವಿನಜೋಳ, ಕಬ್ಬು ಇದ್ದರೆ ಅಟ್ರಜಿನ್. ಹತ್ತಿ, ಶೇಂಗಾ, ಸೋಯಾ ಇದ್ದರೆ ಅಲಾಕ್ಲೋರ್. ಭತ್ತದ ಗದ್ದೆಯಾದರೆ ಬ್ಯೂಟಾಕ್ಲೋರ್. ನಿಮ್ಮದಕ್ಕಿಂತ ಎತ್ತರದಲ್ಲಿರುವ ಪಕ್ಕದವರ ಹೊಲದ್ದನ್ನೂ ಕೇಳಿಕೊಳ್ಳಿ, ನೀರಿಗೆ ಬದು ಅಡ್ಡ ಬರುವುದಿಲ್ಲ.

ಬೋರ್ ಆದರೆ ಎಷ್ಟು ಅಡಿ, ಕೇಸಿಂಗ್ ಪೈಪು ಎಷ್ಟು ಅಡಿಗೆ ನಿಂತಿದೆ, ನೀರು ಎಷ್ಟರಲ್ಲಿದೆ, ಇದೂ ಬೇಕು. ಕೊರೆಸಿದ ದಿನದ ಬಿಲ್ ಇದ್ದರೆ ಅದರಲ್ಲೇ ಸಿಗುತ್ತದೆ.

ಎರಡನೆಯದು: ನೈಟ್ರೇಟ್ ನೋಡಿ

ಕಳೆನಾಶಕದ ಪರೀಕ್ಷೆ ದುಬಾರಿ. ಅದಕ್ಕೆ ಮೊದಲು ಸಾಮಾನ್ಯ ನೀರು ಪರೀಕ್ಷೆಯಲ್ಲಿ ನೈಟ್ರೇಟ್ ಎಷ್ಟಿದೆ ನೋಡಿಸಿ, ಅದು ಅಗ್ಗ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಯೂರಿಯಾ, ಗೊಬ್ಬರ, ತಿಪ್ಪೆಯಿಂದ ಬರುವ ಈ ನೈಟ್ರೇಟ್ ನಿಮ್ಮ ಬಾವಿಯಲ್ಲಿ ಜಾಸ್ತಿ ಇದ್ದರೆ, ಮೇಲೆ ಹಾಕಿದ್ದು ಕೆಳಗೆ ತಲುಪುತ್ತಿದೆ ಅಂತ ಅರ್ಥ. ಆಗ ಕಳೆನಾಶಕಕ್ಕೂ ದುಡ್ಡು ಹಾಕುವುದು ಸರಿ. ನೈಟ್ರೇಟ್ ಕಡಿಮೆ ಇದ್ದ ಮಾತ್ರಕ್ಕೆ ಕಳೆನಾಶಕ ಇಲ್ಲ ಅಂತ ಮಾತ್ರ ತಿಳಿಯಬೇಡಿ.

ಕೆಲವರು ಆ ನೀರಿನಲ್ಲಿ ಸಾಸಿವೆ, ಸೌತೆ ಬೀಜ ಮೊಳಕೆ ಹಾಕಿ ನೋಡಿ ಎನ್ನುತ್ತಾರೆ. ಮಣ್ಣಿನಲ್ಲಿ ಔಷಧಿ ಜಾಸ್ತಿ ಉಳಿದಿದ್ದರೆ ಹಾಗೆ ಗೊತ್ತಾಗುತ್ತದೆ, ಮುಂದಿನ ಬೆಳೆ ಹಾಕುವ ಮೊದಲು ಅದು ಒಳ್ಳೆಯ ಉಪಾಯವೇ. ಆದರೆ ಬಾವಿ ನೀರಿನಲ್ಲಿ ಇರುವ ಮೈಕ್ರೋಗ್ರಾಂ ಲೆಕ್ಕದ ವಿಷಕ್ಕೆ ಯಾವ ಸಸಿಯೂ ಬಾಡುವುದಿಲ್ಲ. ಮೊಳಕೆ ಚೆನ್ನಾಗಿ ಬಂತು ಅಂತ ನೀರು ಚೆನ್ನಾಗಿದೆ ಅನ್ನೋಕೆ ಬರುವುದಿಲ್ಲ.

ಮೂರನೆಯದು: ನೀರು ಹಿಡಿಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚಿನ ತಪ್ಪು ಆಗುವುದು ಇಲ್ಲೇ.

ಯಾವಾಗ ಹಿಡಿಯಬೇಕು ಅಂದರೆ, ವರ್ಷಕ್ಕೆ ಒಂದೇ ಸಲ ಆಗುವುದಾದರೆ ಬಿತ್ತನೆ ಆಗಿ, ಔಷಧಿ ಹೊಡೆದು, ಒಂದೆರಡು ದೊಡ್ಡ ಮಳೆ ಇಂಗಿದ ಮೇಲೆ, ಅಂದರೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್. ಎರಡು ಸಲ ಆಗುವುದಾದರೆ ಇನ್ನೊಂದು ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲೂ ಸಿಕ್ಕರೆ ಅದು ಆ ವರ್ಷದ ಹೊಸ ಸಿಂಪಡಣೆಯದ್ದಲ್ಲ, ಒಳಗೆ ನಿಂತಿರುವ ಹಳೆಯದು. ನಿಷೇಧವಾದ ಔಷಧಿಯನ್ನು ಹುಡುಕುವವರಿಗೆ ಈ ಬೇಸಿಗೆಯ ನೀರು ತುಂಬಾ ಮುಖ್ಯ.

ಬಾಟಲಿ ಗಾಜಿನದೇ ಆಗಬೇಕು, ಕಂದು ಬಣ್ಣದ್ದು. ಪ್ಲಾಸ್ಟಿಕ್ ಬಾಟಲಿಯ ಗೋಡೆ ಕೆಲವು ಔಷಧಿಗಳನ್ನು ಎಳೆದುಕೊಳ್ಳುತ್ತದೆ, ಬೆಳಕು ಕೆಲವನ್ನು ಒಡೆಯುತ್ತದೆ. ಪ್ರಯೋಗಾಲಯದವರನ್ನೇ ಕೇಳಿ, ತೊಳೆದು ಸಿದ್ಧ ಮಾಡಿದ ಒಂದು ಲೀಟರಿನ ಎರಡು ಬಾಟಲಿ ಇಸ್ಕೊಳ್ಳಿ. ಅವರು ಕೊಟ್ಟದ್ದನ್ನು ಮನೆಯಲ್ಲಿ ಮತ್ತೆ ಸೋಪು ಹಾಕಿ ತೊಳೆಯಬೇಡಿ. ಒಳಗೆ ಏನಾದರೂ ಪುಡಿ ಹಾಕಿ ಕೊಟ್ಟಿದ್ದರೆ ಚೆಲ್ಲಬೇಡಿ, ಅದು ಕ್ಲೋರಿನ್ ಕಡಿಯುವುದಕ್ಕೆ ಹಾಕಿದ್ದು.

ಬೋರ್‌ನಲ್ಲಿ ನಿಂತ ನೀರು ಹಿಡಿದರೆ ಪೈಪಿನ ನೀರು ಪರೀಕ್ಷೆಯಾಗುತ್ತದೆ, ನೆಲದ ನೀರು ಅಲ್ಲ. ಅದಕ್ಕೆ ಹಳೆಯ ನೀರು ಹೊರಹಾಕಬೇಕು. ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಅಡಿಗೆ ಸುಮಾರು ಆರೂವರೆ ಲೀಟರ್ ನೀರು ನಿಂತಿರುತ್ತದೆ. ನೀರು 200 ಅಡಿ ನಿಂತಿದ್ದರೆ 1300 ಲೀಟರ್. ಅದರ ಮೂರು ಪಟ್ಟು, ಅಂದರೆ ಸುಮಾರು 3900 ಲೀಟರ್ ಹೊರಗೆ ಹೋಗಲಿ. 200 ಲೀಟರಿನ ಬ್ಯಾರೆಲ್ ತುಂಬೋಕೆ ನಿಮ್ಮ ಮೋಟಾರಿಗೆ ಎಷ್ಟು ನಿಮಿಷ ಬೇಕು ನೋಡಿಕೊಳ್ಳಿ, ಇಪ್ಪತ್ತು ಬ್ಯಾರೆಲ್‌ನಷ್ಟು ಹೊತ್ತು ಓಡಿಸಿದರೆ ಆಯಿತು. ಸುಮ್ನೆ ಚೆಲ್ಲಬೇಡಿ, ಬೆಳೆಗೆ ಹಾಯಿಸಿ. ದಿನಾ ಗಂಟೆಗಟ್ಟಲೆ ಓಡುವ ಬೋರ್ ಆದರೆ ಅರ್ಧ ಗಂಟೆ ಸಾಕು.

ಆಮೇಲೆ ಪಂಪಿನ ಬಾಯಿಂದಲೇ ನೇರ ಹಿಡಿಯಿರಿ. ಸಿಂಟೆಕ್ಸ್ ಟ್ಯಾಂಕಿನಿಂದ ಬೇಡ, ಡ್ರಿಪ್ ಫಿಲ್ಟರ್ ದಾಟಿದ ಮೇಲೆ ಬೇಡ, ಹಸಿರು ಪೈಪು ಸಿಕ್ಕಿಸಿಯೂ ಬೇಡ. ಅವತ್ತು ಬೆಳಗ್ಗೆ ಔಷಧಿ ಮುಟ್ಟಿದ ಕೈಯಲ್ಲಿ ಬಾಟಲಿ ಮುಟ್ಟಲೇಬಾರದು, ಆ ಅಂಗಿಯಲ್ಲೂ ಹೋಗಬಾರದು. ಒಂದು ಹನಿ ಸಾಕು ಇಡೀ ಲೆಕ್ಕ ಕೆಡೋಕೆ. ನೀರು ಗುಳ್ಳೆ ಏಳದ ಹಾಗೆ ಬಾಟಲಿಯ ಗೋಡೆಗೆ ಹರಿಸಿ ಕತ್ತಿನವರೆಗೆ ತುಂಬಿ.

ತೆರೆದ ಬಾವಿಯಾದರೆ ಮೇಲ್ಮೈ ನೀರು ಬೇಡ. ಚೆನ್ನಾಗಿ ತೊಳೆದ ಸ್ಟೀಲ್ ಬಿಂದಿಗೆಗೆ ಹಗ್ಗ ಕಟ್ಟಿ ಒಂದೆರಡು ಮೊಳ ಕೆಳಗಿಳಿಸಿ ತುಂಬಿಕೊಳ್ಳಿ, ಇಲ್ಲದಿದ್ದರೆ ಮೋಟಾರು ಅರ್ಧ ಗಂಟೆ ಓಡಿಸಿ ಅದರ ಬಾಯಿಂದ ಹಿಡಿಯಿರಿ.

ಬಾಟಲಿಯ ಮೇಲೆ ಊರು, ಸರ್ವೆ ನಂಬರು, ಬಾವಿ ಯಾವುದು, ತಾರೀಕು, ಹೊತ್ತು ಬರೆದು ಅಂಟಿಸಿ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಕೂರಿಸಿ. ಹೆಪ್ಪುಗಟ್ಟಬಾರದು, ಗಾಜು ಒಡೆಯುತ್ತದೆ. ಮರುದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ಶನಿವಾರ ಹಿಡಿದು ಭಾನುವಾರ ಬಿಸಿಲಿನ ಬಸ್ಸಿನಲ್ಲಿಟ್ಟರೆ ಅಷ್ಟೂ ವ್ಯರ್ಥ.

ನಾಲ್ಕನೆಯದು: ಪ್ರಯೋಗಾಲಯದವರಿಗೆ ಏನು ಕೇಳಬೇಕು

ನನಗೆ ಆದದ್ದು ಈಗ ಹೇಳುತ್ತೇನೆ. ಮೊದಲ ಸಲ ನಾನು "ಕೀಟನಾಶಕ ಪರೀಕ್ಷೆ ಮಾಡಿ" ಅಂತ ಹೇಳಿ ದುಡ್ಡು ಕಟ್ಟಿ ಬಂದೆ. ಹತ್ತು ದಿನಕ್ಕೆ ವರದಿ ಬಂತು, ಎಲ್ಲ ಸಾಲಿನಲ್ಲೂ "ಪತ್ತೆಯಾಗಿಲ್ಲ". ಮನೆಯಲ್ಲಿ ಎಲ್ಲರಿಗೂ ಖುಷಿ. ರಾತ್ರಿ ಕೂತು ಸಾಲು ಸಾಲಾಗಿ ಓದಿದಾಗ ಎದೆ ಧಸಕ್ಕೆಂದಿತು. ಡಿಡಿಟಿ, ಲಿಂಡೇನ್, ಎಂಡೋಸಲ್ಫಾನ್, ಮ್ಯಾಲಥಿಯಾನ್ ಎಲ್ಲ ಇದೆ, ಒಂದೇ ಒಂದು ಕಳೆನಾಶಕದ ಹೆಸರಿಲ್ಲ. ಅವರು ಹುಡುಕಿರಲೇ ಇಲ್ಲ. ಹುಡುಕದೆ ಇದ್ದದ್ದು ಸಿಗುವುದು ಹೇಗೆ?

ಅದಕ್ಕೆ ದುಡ್ಡು ಕಟ್ಟುವ ಮೊದಲು ಈ ಮಾತುಗಳನ್ನು ಕೇಳಿ, ಉತ್ತರ ಬರೆದು ಕೊಡಿ ಎನ್ನಿ. ನಿಮ್ಮ ಪಟ್ಟಿಯಲ್ಲಿ ಅಟ್ರಜಿನ್, ಅಲಾಕ್ಲೋರ್ ಇದೆಯಾ? ಡೀಸ್‌ಈಥೈಲ್ ಅಟ್ರಜಿನ್ ನೋಡುತ್ತೀರಾ? ಯಾವ ಯಂತ್ರ, ಎಲ್‌ಸಿ-ಎಂಎಸ್/ಎಂಎಸ್ ಅಥವಾ ಜಿಸಿ-ಎಂಎಸ್ ಇದೆಯಾ? ಎಷ್ಟು ಕಡಿಮೆ ಇದ್ದರೂ ಅಳೆಯಬಲ್ಲಿರಿ? ಕೊನೆಯ ಪ್ರಶ್ನೆಗೆ ಲೀಟರಿಗೆ 0.1 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಅಂತ ಉತ್ತರ ಬಂದರೆ ಸರಿ. ಅವರ ಯಂತ್ರ 5ರಿಂದ ಮೇಲೆ ಮಾತ್ರ ಅಳೆಯುವುದಾದರೆ 4 ಇದ್ದರೂ "ಪತ್ತೆಯಾಗಿಲ್ಲ" ಅಂತಲೇ ಬರುತ್ತದೆ, ಅಟ್ರಜಿನ್‌ಗೆ ನಮ್ಮ ದೇಶದ ಮಿತಿ 2 ಇದ್ದಾಗ ಅಂಥ ವರದಿಯಿಂದ ಏನು ಪ್ರಯೋಜನ?

ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರಬೇಕು. ಆ ಮಾನ್ಯತೆಯೂ ನೀರಿನಲ್ಲಿ ಈ ವಸ್ತು ಅಳೆಯುವುದಕ್ಕೇ ಇದೆಯಾ ಅಂತ ನೋಡಬೇಕು, ತರಕಾರಿಗೆ ಮಾನ್ಯತೆ ಪಡೆದವರಿಗೆ ನೀರಿನದ್ದು ಇರಲೇಬೇಕೆಂದಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಉಳಿಕೆ ವಿಷ ಪರೀಕ್ಷಿಸುವ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಖಾಸಗಿಯವು ಇವೆ. ಖರ್ಚು ಜಾಸ್ತಿ ಅನ್ನಿಸಿದರೆ ಒಂದೇ ಹಳ್ಳದ ದಂಡೆಯ ನಾಲ್ಕೈದು ಮನೆಯವರು ಸೇರಿ, ಎಲ್ಲರಿಗಿಂತ ಕೆಳಗಿರುವ ಬಾವಿಯದ್ದೊಂದು, ಕಲಸುವ ಜಾಗಕ್ಕೆ ಹತ್ತಿರದ್ದೊಂದು ಮಾಡಿಸಿ.

ಒಡೆದು ಆದ ವಸ್ತುವಿನ ಬಗ್ಗೆ ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಅದನ್ನು ಮರಿ ಅಂತ ಕರೆಯುತ್ತೇನೆ, ತಾಯಿ ಹೋದ ಮೇಲೂ ಮರಿ ಉಳಿದಿರುತ್ತದೆ. ಅಮೆರಿಕದ ಜೋಳದ ಸೀಮೆಯಲ್ಲಿ, ಐಯೋವಾ ಕಡೆ ಬಾವಿಗಳನ್ನು ಪರೀಕ್ಷಿಸಿದಾಗ ಅಲಾಕ್ಲೋರ್‌ಗಿಂತ ಅದರ ಮರಿಗಳೇ ಜಾಸ್ತಿ ಸಿಕ್ಕವು. ಅಲಾಕ್ಲೋರ್ ಮಣ್ಣಿನಲ್ಲಿ ಎರಡು ಮೂರು ವಾರಕ್ಕೆ ಅರ್ಧಕ್ಕಿಳಿಯುತ್ತದೆ, ಅದು ನಿಜ. ಆದರೆ ಅದರ ಸಲ್ಫೋನಿಕ್ ಆಮ್ಲದ ರೂಪ ನೀರಿನ ಜೊತೆ ಸಲೀಸಾಗಿ ಇಳಿದು ಬಹಳ ಕಾಲ ಇರುತ್ತದೆ. ತಾಯಿಯನ್ನು ಮಾತ್ರ ಹುಡುಕಿದ ವರದಿ ನೋಡಿ "ನಿಷೇಧವಾದದ್ದು ಹೋಯಿತು" ಅಂತ ಹೇಳುವುದು ದುಡುಕಿನ ಮಾತು.

ವರದಿ ಓದುವುದು

ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಅಟ್ರಜಿನ್ 2 ಮೈಕ್ರೋಗ್ರಾಂ, ಅಲಾಕ್ಲೋರ್ 20, 2,4-ಡಿ 30, ಬ್ಯೂಟಾಕ್ಲೋರ್ 125 ಮೀರಬಾರದು. ಅಮೆರಿಕದಲ್ಲಿ ಅಟ್ರಜಿನ್‌ಗೆ 3, ಆದರೆ ಅಲಾಕ್ಲೋರ್‌ಗೆ ಬರೀ 2. ಯುರೋಪಿನಲ್ಲಿ ಯಾವ ಕಳೆನಾಶಕವೇ ಇರಲಿ ಒಂದೊಂದಕ್ಕೆ 0.1, ಎಲ್ಲ ಕೃಷಿ ವಿಷ ಸೇರಿ 0.5. ವಿಶ್ವ ಆರೋಗ್ಯ ಸಂಸ್ಥೆ ಮೊದಲು ಅಟ್ರಜಿನ್‌ಗೆ 2 ಅನ್ನುತ್ತಿತ್ತು, ಈಗ ಅದರ ಮರಿಗಳನ್ನೂ ಸೇರಿಸಿ 100 ಅನ್ನುತ್ತದೆ. ಇಷ್ಟು ವ್ಯತ್ಯಾಸ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಯುರೋಪಿನ 0.1 ಅನ್ನೋದು ಇಷ್ಟು ಕುಡಿದರೆ ಕಾಯಿಲೆ ಅನ್ನುವ ಲೆಕ್ಕವಲ್ಲ, ಕುಡಿಯುವ ನೀರಿನಲ್ಲಿ ಇದು ಇರಲೇಬಾರದು ಅನ್ನುವ ಹಟ. ನನಗೆ ಆ ಹಟವೇ ಸರಿ ಅನ್ನಿಸುತ್ತದೆ, ಮಕ್ಕಳು ಬಸುರಿಯರು ಕುಡಿಯುವ ನೀರಿಗಂತೂ. ಕನಿಷ್ಠ ನಮ್ಮ ದೇಶದ ಮಿತಿ ಮೀರಿದರೆ ಅವತ್ತೇ ಕುಡಿಯುವುದು ನಿಲ್ಲಿಸಿ.

ವರದಿಯಲ್ಲಿ ಇನ್ನೊಂದು ವಿಷಯ ಓದಬಹುದು, ಇದನ್ನು ಹೇಳಿಕೊಡುವವರು ಕಡಿಮೆ. ಅಟ್ರಜಿನ್ ಎಷ್ಟು, ಅದರ ಮರಿ ಎಷ್ಟು ಅಂತ ಪಕ್ಕಪಕ್ಕ ಇಟ್ಟು ನೋಡಿ. ಮರಿ ತಾಯಿಯಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಔಷಧಿ ಹೊಲದ ಮಣ್ಣಿನಲ್ಲಿ ನಿಧಾನವಾಗಿ ಇಳಿದು, ಹಾದಿಯಲ್ಲಿ ಒಡೆಯುತ್ತಾ ಬಂದಿದೆ. ತಾಯಿ ಜಾಸ್ತಿ, ಮರಿ ಸ್ವಲ್ಪವೇ ಇದ್ದರೆ ಅದು ಮಣ್ಣಿನ ಸಹವಾಸವೇ ಮಾಡದೆ ಬೇಗ ಇಳಿದಿದೆ. ಅಂದರೆ ಬಿರುಕು, ಕೇಸಿಂಗ್ ಸಂದು, ಇಲ್ಲವೇ ಕಲಸುವ ಜಾಗ.

ನಮ್ಮ ಎರಡನೆಯ ವರದಿಯಲ್ಲಿ ಅಲಾಕ್ಲೋರ್ ಸಿಗಲಿಲ್ಲ. ಅದರ ಮರಿ ನೋಡುವ ಸೌಲಭ್ಯ ಅಲ್ಲಿರಲಿಲ್ಲ, ಹಾಗಾಗಿ ಆ ಸಾಲಿನ ಮುಂದೆ ನೋಟ್‌ಬುಕ್ಕಿನಲ್ಲಿ "ಗೊತ್ತಿಲ್ಲ" ಅಂತಲೇ ಬರೆದೆ. ಅಟ್ರಜಿನ್ ಇತ್ತು, ಮಿತಿಯ ಒಳಗೆ. ಮರಿ ಅದರ ಕಾಲು ಭಾಗವೂ ಇರಲಿಲ್ಲ. ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು ಮಾತಾಡಲಿಲ್ಲ, ಎದ್ದು ಹೋಗಿ ಆ ಚಪ್ಪಡಿ ನೋಡುತ್ತಾ ನಿಂತರು.

ಕುಡಿಯುವ ನೀರಿಗೆ ಏನು ಮಾಡಬೇಕು

ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ವಿಷ ಉಳಿಯುವುದರಿಂದ ಲೀಟರಿಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ರೋಗಾಣು ಕೊಲ್ಲುತ್ತದೆ, ಇದನ್ನಲ್ಲ. ಬಟ್ಟೆ, ಪಟಿಕ, ಮನೆಯ ಯುವಿ ದೀಪದ ಫಿಲ್ಟರ್ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಕೆಲಸ ಮಾಡುವುದು ಆಕ್ಟಿವೇಟೆಡ್ ಕಾರ್ಬನ್. ಆರ್‌ಒ ಕೂಡ ಬಹುಪಾಲು ತಡೆಯುತ್ತದೆ, ಹೆಚ್ಚಿನ ಆರ್‌ಒ ಯಂತ್ರಗಳಲ್ಲಿ ಕಾರ್ಬನ್ ಇದ್ದೇ ಇರುತ್ತದೆ. ಆದರೆ ಕಾರ್ಬನ್ ಒಂದು ಚೀಲದ ಹಾಗೆ, ತುಂಬಿದ ಮೇಲೆ ಹಿಡಿಯುವುದಿಲ್ಲ. ನೀರಿನ ರುಚಿ ನೋಡಿ ಅದು ಗೊತ್ತಾಗುವುದೂ ಇಲ್ಲ, ತಾರೀಕು ಬರೆದಿಟ್ಟು ಬದಲಿಸಬೇಕು. ಒಂದು ಸಲವಾದರೂ ಫಿಲ್ಟರ್ ದಾಟಿದ ನೀರನ್ನೇ ಪರೀಕ್ಷೆಗೆ ಕಳಿಸಿ.

ನಾವು ಮಾಡಿದ್ದು ಸೂರಿನ ಮಳೆ ನೀರು. 1000 ಚದರಡಿ ಸೂರಿಗೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ, ಐದರಲ್ಲಿ ಒಂದು ಪಾಲು ಪೋಲಾದರೂ 52 ಸಾವಿರ ಲೀಟರ್ ಸಿಗುತ್ತದೆ. ಕುಡಿಯೋಕೆ, ಅಡುಗೆಗೆ ಐದು ಜನರ ಮನೆಗೆ ಧಾರಾಳ.

ಹೊಲಕ್ಕೆ ಹಾಯಿಸೋಕೆ ಹೆದರಬೇಡಿ. ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು ಒಂದು ಲಕ್ಷ ಲೀಟರ್. ಲೀಟರಿಗೆ 1 ಮೈಕ್ರೋಗ್ರಾಂ ಇದ್ದರೂ ಬೀಳುವುದು 0.1 ಗ್ರಾಂ. ಮೇಲಾಗಿ ಅದು ಮತ್ತೆ ಜೀವಿಗಳಿರುವ ಮೇಲ್ಮಣ್ಣಿಗೆ ಬಂದು ಒಡೆಯುತ್ತದೆ. ದನಕರುಗಳಿಗೆ ಮಾತ್ರ ಮಿತಿ ಮೀರಿದ ನೀರು ಬೇಡ, ಬೇರೆ ನೀರಿದ್ದರೆ ಅದನ್ನೇ ಕೊಡಿ.

ಇನ್ನು ಮುಂದೆ ಇಳಿಯದ ಹಾಗೆ

ಹಳೆಯದನ್ನು ಬಾವಿಯಿಂದ ತೆಗೆಯೋಕೆ ನಮ್ಮ ಕೈಲಿ ಆಗುವುದಿಲ್ಲ, ಅದು ತನ್ನ ಕಾಲಕ್ಕೆ ಕಡಿಮೆಯಾಗಬೇಕು. ಹೊಸದನ್ನು ತಡೆಯಬಹುದು.

ಬಾವಿ, ಬೋರ್‌ನಿಂದ ಕನಿಷ್ಠ ನೂರಡಿ ದೂರ, ಇಳಿಜಾರಿನ ಕೆಳಬದಿಯಲ್ಲಿ ಕಲಸಿ. ನೀರನ್ನು ಕೊಡದಲ್ಲಿ ಹೊತ್ತು ಒಯ್ಯಿರಿ. ಪೈಪಿನ ತುದಿಯನ್ನು ಔಷಧಿ ಡ್ರಮ್ಮಿನೊಳಗೆ ಮುಳುಗಿಸಿ ಇಡಲೇಬೇಡಿ. ಕರೆಂಟು ಹೋದಾಗ ಪೈಪಿನ ನೀರು ಹಿಂದಕ್ಕೆ ಎಳೆದುಕೊಂಡು ಡ್ರಮ್ಮಿನ ಔಷಧಿ ನೇರ ಬೋರ್‌ಗೆ ಹೋಗಬಹುದು. ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗುತ್ತದೆ ಅಂತ ನಿಮಗೆ ಹೇಳಬೇಕಾ? ಪಂಪು ಮೂರು ಸಲ ತೊಳೆದು ಆ ನೀರನ್ನು ಹೊಲದ ಮೇಲೆಯೇ ಹೊಡೆದು ಮುಗಿಸಿ.

ಈಗ ಬೋರ್ ಮರುಪೂರಣದ ವಿಷಯ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬೋರ್ ಸುತ್ತ ಗುಂಡಿ ತೋಡಿ, ಕಲ್ಲು ಜಲ್ಲಿ ಮರಳು ತುಂಬಿ, ಹೊಲದ ನೀರು ಇಂಗಿಸುವುದು ನಮ್ಮ ರಾಜ್ಯದಲ್ಲಿ ತುಂಬಾ ಜನ ಮಾಡಿದ್ದಾರೆ, ಒಳ್ಳೆಯ ಕೆಲಸವೇ. ಆದರೆ ಔಷಧಿ ಹೊಡೆದ ಹೊಲದಿಂದ ಹರಿದ ನೀರು ಆ ಗುಂಡಿಗೆ ಬಂದರೆ, ಮಣ್ಣು ಮಾಡಬೇಕಾಗಿದ್ದ ಕೆಲಸವನ್ನೆಲ್ಲ ತಪ್ಪಿಸಿ ವಿಷವನ್ನು ನಾವೇ ಪೈಪು ಹಾಕಿ ಕೆಳಗೆ ಬಿಟ್ಟ ಹಾಗೆ. ಮರಳು ಕೆಸರು ಸೋಸುತ್ತದೆ, ಕರಗಿದ ಔಷಧಿಯನ್ನಲ್ಲ. ಅಡುಗೆ ಒಲೆಯ ಇದ್ದಿಲು ಹಾಕಿದರೆ ಆಯಿತು ಅನ್ನುವವರಿದ್ದಾರೆ, ಅದು ಆಕ್ಟಿವೇಟೆಡ್ ಕಾರ್ಬನ್ ಅಲ್ಲ. ಗುಂಡಿಗೆ ಬರುವ ಕಾಲುವೆಗೆ ಒಂದು ಅಡ್ಡ ಹಲಗೆ ಇಟ್ಟುಕೊಳ್ಳಿ. ಕಳೆ ಔಷಧಿ ಹೊಡೆದ ಮೇಲೆ ಎರಡು ತಿಂಗಳು ಆ ನೀರನ್ನು ಕೃಷಿ ಹೊಂಡಕ್ಕೋ ಹಳ್ಳದ ಕಡೆಯ ಹುಲ್ಲಿನ ಬದುವಿಗೋ ತಿರುಗಿಸಿ. ಸೂರಿನ ನೀರು, ಔಷಧಿ ಬೀಳದ ಬೀಳು ನೆಲದ ನೀರು ಬಂದರೆ ಅಡ್ಡಿಯಿಲ್ಲ. ನೀರು ಬರದ ಹಳೆಯ ಬೋರ್‌ಗಳಿಗೆ ಮುಚ್ಚಳ ಹಾಕಿಸಿ, ಅದರೊಳಗೆ ಬಾಟಲಿ ಎಸೆಯುವುದನ್ನಂತೂ ನಿಲ್ಲಿಸಿ.

ಅಟ್ಟದಲ್ಲಿ ಉಳಿದ ಅಲಾಕ್ಲೋರ್ ಸಿಕ್ಕರೆ ಹೊಡೆದು ಖಾಲಿ ಮಾಡಬೇಡಿ, ಹೂಳಬೇಡಿ, ಚರಂಡಿಗೆ ಸುರಿಯಬೇಡಿ. ಮುಚ್ಚಳ ಬಿಗಿಮಾಡಿ ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ.

ಅಟ್ರಜಿನ್ ಪೂರ್ತಿ ಬಿಡೋಕೆ ಆಗದಿದ್ದರೆ ಕಡಿಮೆಯಾದರೂ ಮಾಡಿ. ಎರಡಡಿ ಸಾಲಿನಲ್ಲಿ ಬೀಜದ ಸಾಲಿನ ಮೇಲೆ ಎಂಟು ಇಂಚು ಅಗಲಕ್ಕೆ ಮಾತ್ರ ಹೊಡೆದು, ನಡುವೆ ಎಡೆಕುಂಟೆ ಹೊಡೆದರೆ ಔಷಧಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಗೋವಿನಜೋಳಕ್ಕೆ ಮೊದಲ ಆರು ವಾರ ಕಳೆ ತಡೆದರೆ ಸಾಕು, ಆಮೇಲೆ ಬೆಳೆಯೇ ನೆರಳು ಮಾಡಿ ಅದನ್ನು ಅದುಮುತ್ತದೆ.

ಮತ್ತೆ ಮತ್ತೆ ನೋಡಬೇಕು

ಒಂದು ವರದಿ ಅಂದರೆ ಒಂದು ದಿನದ ಫೋಟೋ. ಅದೇ ಬಾವಿ, ಅದೇ ತಿಂಗಳು, ಅದೇ ಪ್ರಯೋಗಾಲಯ, ಹೀಗೆ ಮೂರ್ನಾಲ್ಕು ವರ್ಷ ಮಾಡಿಸಿದರೆ ಇಳಿಯುತ್ತಿದೆಯಾ ನಿಂತಿದೆಯಾ ಅಂತ ಗೊತ್ತಾಗುತ್ತದೆ. ನಿಷೇಧವಾದ ಔಷಧಿ ಇಳಿಯುವ ಬದಲು ಏರುತ್ತಿದ್ದರೆ ಮುಖ್ಯವಾಗಿ ಎರಡು ಕಾರಣ ಇರಬಹುದು. ಮೇಲಿನ ಮಣ್ಣಿನ ಹಳೆಯದು ಈಗ ನೀರು ಮುಟ್ಟುತ್ತಿದೆ, ಇಲ್ಲವೇ ಸುತ್ತಮುತ್ತ ಯಾರೋ ಇನ್ನೂ ಹೊಡೆಯುತ್ತಿದ್ದಾರೆ. ಎರಡನೆಯದಾದರೆ ಜಗಳ ಮಾಡಬೇಡಿ, ವರದಿ ಹಿಡಿದುಕೊಂಡು ಅವರ ಮನೆಗೆ ಹೋಗಿ ಕೂತು ಮಾತಾಡಿ, ಅವರ ಮಕ್ಕಳೂ ಅದೇ ನೀರು ಕುಡಿಯುತ್ತಾರೆ.

ನಮ್ಮ ಚಪ್ಪಡಿ ಈಗ ಬಾವಿ ಹತ್ತಿರ ಇಲ್ಲ. ಅಪ್ಪನೂ ಕಾಕಾನೂ ಸೇರಿ ಹಾರೆ ಹಾಕಿ ಕಿತ್ತು ಕೆಳಗಿನ ಬದುವಿಗೆ ಸಾಗಿಸಿದರು, ಬಾವಿ ಕಟ್ಟೆಯನ್ನು ಎರಡಡಿ ಎತ್ತರಿಸಿ ಸುತ್ತ ಮಣ್ಣು ಹೊರಗೆ ಇಳಿಯುವ ಹಾಗೆ ಏರು ಹಾಕಿದೆವು. ಬರುವ ಏಪ್ರಿಲ್‌ಗೆ ಮೂರನೆಯ ಬಾಟಲಿ. ಈ ಸಲ ಅಲಾಕ್ಲೋರ್ ಮರಿಯನ್ನೂ ನೋಡುವ ಪ್ರಯೋಗಾಲಯ ಹುಡುಕುತ್ತಿದ್ದೇನೆ, ನೋಟ್‌ಬುಕ್ಕಿನಲ್ಲಿ ಆ "ಗೊತ್ತಿಲ್ಲ" ಇರುವ ಸಾಲಿನ ಪಕ್ಕ ಜಾಗ ಬಿಟ್ಟಿದ್ದೇನೆ.